ಪುಟ್ಟ ನಾಯಿಯ ಮಂಡಿ ಕೈಕೊಟ್ಟಾಗ: ಔಷಧಿಯೋ, ಆಪರೇಷನ್ನೋ, ಬರೀ ಲೀಶೋ?

ಜಿಂಕಿ ನಮ್ಮ ಮನೆಯ ನಾಯಿ. ವಯಸ್ಸು ಆರು, ತೂಕ ಐದೂವರೆ ಕೆಜಿ. ಹೆಸರಿಗೆ ತಕ್ಕ ಹಾಗೆ ನೆಗೆಯುವುದೇ ಅವಳ ಕಸುಬು. ಎರಡು ವರ್ಷದ ಹಿಂದೆ ಚೆಂಡಿನ ಬೆನ್ನು ಹತ್ತಿ ಓಡುತ್ತಿದ್ದವಳು ಇದ್ದಕ್ಕಿದ್ದಂತೆ ಎಡ ಹಿಂಗಾಲನ್ನು ಮೇಲೆತ್ತಿಕೊಂಡಳು. ಮೂರು ಹೆಜ್ಜೆ ಕುಂಟಾಬಿಲ್ಲೆ. ನಾಲ್ಕನೆಯದಕ್ಕೆ ಆ ಕಾಲನ್ನು ಹಿಂದಕ್ಕೆ ಒಮ್ಮೆ ಝಾಡಿಸಿದಳು, ಮತ್ತೆ ನಾಲ್ಕೂ ಕಾಲು ನೆಲಕ್ಕೆ. ಚೆಂಡೂ ಸಿಕ್ಕಿತು. ನೋವಿರುವ ನಾಯಿ ಹೀಗೆ ಬಾಲ ಅಲ್ಲಾಡಿಸಿಕೊಂಡು ಬರುತ್ತಾ ಅಂದುಕೊಂಡು ನಾನೂ ಸುಮ್ಮನಾದೆ.

ತಿಂಗಳೊಳಗೆ ಅದು ದಿನಕ್ಕೆ ನಾಲ್ಕೈದು ಸಲ ಆಗತೊಡಗಿತು. ಕೇಳಿದವರೆಲ್ಲ ಒಂದೊಂದು ಹೇಳಿದರು. "ಸಣ್ಣ ನಾಯಿಗಳೆಲ್ಲ ಹೀಗೇ, ಬಿಡಿ" ಅಂತ ಒಬ್ಬರು. "ತಡ ಮಾಡಬೇಡಿ, ಆಪರೇಷನ್ ಮಾಡಿಸಿ" ಅಂತ ಇನ್ನೊಬ್ಬರು. "ಗ್ಲುಕೋಸಮಿನ್ ಪುಡಿ ಹಾಕಿ, ಎಲ್ಲ ಸರಿಹೋಗುತ್ತೆ", "ಓಡಿಸಲೇಬೇಡಿ". ತಮಾಷೆ ಅಂದರೆ ಈ ನಾಲ್ಕು ಮಾತಿನಲ್ಲಿ ಮೂರಂತೂ ಯಾವುದಾದರೂ ಒಂದು ನಾಯಿಯ ಮಟ್ಟಿಗೆ ನಿಜವೇ. ನಿಮ್ಮ ನಾಯಿಗೆ ಯಾವುದು ನಿಜ ಅನ್ನುವುದೇ ಪ್ರಶ್ನೆ. ನಾನು ಮೊದಲು ಆರಿಸಿಕೊಂಡದ್ದು ಪುಡಿ, ಅಂದರೆ ಕೀಲಿಗೆ ಒಳ್ಳೆಯದು ಅಂತ ಊಟಕ್ಕೆ ಬೆರೆಸಿ ಕೊಡುವ ಪೂರಕ. ಅದರ ಕತೆ ಆಮೇಲೆ ಹೇಳುತ್ತೇನೆ.

ಮೊದಲು ಯಾವ ಕೀಲು ಅಂತ ಗೊತ್ತಾಗಲಿ

ಔಷಧಿ ಹೋಲಿಸುವ ಮೊದಲು ಕಾಯಿಲೆಗಳನ್ನು ಹೋಲಿಸಬೇಕು. "ಹಿಂಗಾಲು ಕುಂಟುತ್ತೆ" ಅನ್ನುವ ಒಂದೇ ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ತೊಂದರೆಗಳಿರುತ್ತವೆ. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ತಪ್ಪು.

ಸಣ್ಣ ನಾಯಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಮಂಡಿಚಿಪ್ಪು ಜಾರುವುದು. ಡಾಕ್ಟರು ಇದನ್ನು ಪಟೆಲ್ಲಾರ್ ಲಕ್ಸೇಶನ್ ಅನ್ನುತ್ತಾರೆ. ಪೊಮೆರೇನಿಯನ್, ಚಿವಾವಾ, ಯಾರ್ಕ್‌ಷೈರ್ ಟೆರಿಯರ್, ಟಾಯ್ ಪೂಡಲ್ ಇಂಥವುಗಳಲ್ಲಿ ಇದು ಹುಟ್ಟಿನಿಂದಲೇ ಬಂದಿರುವ ಕಾಲಿನ ಆಕಾರದ ತೊಂದರೆ. ತೊಡೆಮೂಳೆಯ ತುದಿಯಲ್ಲಿ ಒಂದು ಸಣ್ಣ ಕಾಲುವೆ ಇರುತ್ತದೆ, ಚಿಪ್ಪು ಅದರೊಳಗೆ ಮೇಲೆ ಕೆಳಗೆ ಜಾರುತ್ತಿರಬೇಕು. ಕಾಲುವೆ ಆಳ ಇಲ್ಲದಿದ್ದರೆ, ಇಲ್ಲವೇ ಮೂಳೆ ಸ್ವಲ್ಪ ತಿರುಚಿಕೊಂಡಿದ್ದರೆ ಚಿಪ್ಪು ಪಕ್ಕಕ್ಕೆ, ಹೆಚ್ಚಾಗಿ ಒಳಮಗ್ಗುಲಿಗೆ, ಹಾರುತ್ತದೆ. ಆಗ ಕಾಲು ಬಿಡಿಸಲು ಆಗುವುದಿಲ್ಲ. ಒಮ್ಮೆ ಝಾಡಿಸಿದರೆ ವಾಪಸ್ ಕೂರುತ್ತದೆ. ಜಿಂಕಿಯ ಕುಂಟಾಬಿಲ್ಲೆಯ ಗುಟ್ಟು ಇದೇ.

ಇದಕ್ಕೆ ನಾಲ್ಕು ದರ್ಜೆ. ಒಂದನೇ ದರ್ಜೆಯಲ್ಲಿ ಡಾಕ್ಟರು ಬೆರಳಿನಿಂದ ತಳ್ಳಿದರೆ ಮಾತ್ರ ಚಿಪ್ಪು ಜಾರುತ್ತದೆ, ಬಿಟ್ಟ ತಕ್ಷಣ ವಾಪಸ್. ಎರಡನೆಯದರಲ್ಲಿ ಓಡಾಡುವಾಗ ತಾನಾಗಿ ಜಾರಿ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಮೂರನೆಯದರಲ್ಲಿ ಹೆಚ್ಚು ಹೊತ್ತು ಜಾಗ ತಪ್ಪಿಯೇ ಇರುತ್ತದೆ, ಕೂರಿಸಿದರೂ ಮತ್ತೆ ಜಾರುತ್ತದೆ. ನಾಲ್ಕನೆಯದರಲ್ಲಿ ಕೈಯಿಂದ ಕೂರಿಸಲೂ ಆಗದು. ನಿಮ್ಮ ನಾಯಿಯ ದರ್ಜೆ ಎಷ್ಟು, ಒಂದು ಕಾಲೋ ಎರಡೂ ಕಾಲೋ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಓದುವ ಪ್ರತಿಯೊಂದು ಆಯ್ಕೆಯೂ ಆ ಅಂಕಿಯ ಮೇಲೆ ನಿಂತಿದೆ.

ಎರಡನೆಯದು ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಪಟ್ಟಿ, ಕ್ರೂಸಿಯೇಟ್ ಲಿಗಮೆಂಟ್, ಹರಿಯುವುದು. ಇಲ್ಲಿ ಮೂರು ಹೆಜ್ಜೆಯ ಆಟ ಇರುವುದಿಲ್ಲ. ನಾಯಿ ಕಾಲನ್ನು ಎತ್ತಿಕೊಂಡೇ ಇರುತ್ತದೆ, ಇಲ್ಲವೇ ಬೆರಳ ತುದಿ ಮಾತ್ರ ನೆಲಕ್ಕೆ ತಾಕಿಸುತ್ತದೆ. ಕೂರುವಾಗ ಆ ಕಾಲನ್ನು ಮಡಿಸದೆ ಪಕ್ಕಕ್ಕೆ ಚಾಚಿ ಕೂರುತ್ತದೆ. ಚಿಪ್ಪು ಜಾರುವ ನಾಯಿಗಳಲ್ಲಿ ವಯಸ್ಸಾದಂತೆ ಈ ಲಿಗಮೆಂಟೂ ಹರಿಯುವ ಸಂಭವ ಇದೆ. ಹಾಗಾಗಿ ವರ್ಷಗಟ್ಟಲೆ ಕುಂಟಾಬಿಲ್ಲೆ ಆಡಿಕೊಂಡಿದ್ದ ನಾಯಿ ಒಂದು ದಿನ ಕಾಲನ್ನು ನೆಲಕ್ಕೇ ಇಡದಿದ್ದರೆ "ಅದೇ ಹಳೇ ತೊಂದರೆ" ಅಂತ ಬಿಡಬೇಡಿ.

ಮೂರನೆಯದು ಮರಿಗಳಿಗೆ ಬರುವಂಥದ್ದು. ಐದಾರು ತಿಂಗಳಿಂದ ಹಿಡಿದು ವರ್ಷ ತುಂಬುವುದರೊಳಗೆ ಸೊಂಟದ ಕೀಲಿನ ಚೆಂಡಿಗೆ ರಕ್ತ ಸರಿಯಾಗಿ ಹೋಗದೆ ಮೂಳೆ ಸಾಯುತ್ತದೆ. ಇದರ ಹೆಸರು ಲೆಗ್-ಕಾಲ್ವೆ-ಪರ್ಥೆಸ್. ಸಾಮಾನ್ಯವಾಗಿ ಒಂದೇ ಕಾಲು. ಕುಂಟು ದಿನದಿಂದ ದಿನಕ್ಕೆ ಹೆಚ್ಚುತ್ತದೆ, ತೊಡೆ ಸೊರಗುತ್ತದೆ, ಕಾಲನ್ನು ಹಿಂದಕ್ಕೆ ಎಳೆದರೆ ಮರಿ ಕಿರುಚುತ್ತದೆ. ಎಕ್ಸ್‌ರೇ ಇಲ್ಲದೆ ಇದನ್ನು ಹಿಡಿಯುವುದು ಕಷ್ಟ.

ಇನ್ನು ಕೀಲಿನದ್ದೇ ಅಲ್ಲದ, ಆದರೆ ಕೀಲಿನ ನೋವಿನ ಹಾಗೇ ಕಾಣುವ ಒಂದಿದೆ: ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜರುಗಿ ಬೆನ್ನುಹುರಿಯನ್ನು ಒತ್ತುವುದು. ಡ್ಯಾಷ್‌ಹಂಡ್, ಪೆಕಿಂಗೀಸ್, ಶಿಟ್ಸು, ಫ್ರೆಂಚ್ ಬುಲ್‌ಡಾಗ್ ಸಾಕಿದವರು ಇದನ್ನು ಮೊದಲು ನೆನಪಿಸಿಕೊಳ್ಳಬೇಕು. ಬೆನ್ನು ಗೂನಾಗುತ್ತದೆ, ಎತ್ತಿಕೊಂಡರೆ ಅಳುತ್ತದೆ, ಹಿಂಗಾಲು ತೂರಾಡುತ್ತದೆ, ನಡೆಯುವಾಗ ಉಗುರು ನೆಲಕ್ಕೆ ಉಜ್ಜುವ ಸದ್ದು ಬರುತ್ತದೆ. ಹಿಂಗಾಲಿಗೆ ಬಲವೇ ಇಲ್ಲದಂತಾದರೆ ನಾಳೆ ಅನ್ನುವ ಮಾತಿಲ್ಲ, ಆ ದಿನವೇ ಆಸ್ಪತ್ರೆಗೆ. ಹಾಗೇ ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುತ್ತಾ ಜ್ವರವೂ ಇದ್ದರೆ ಅದು ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬಿದ್ದಿರುವುದಿರಬಹುದು, ಉಣ್ಣಿ ಹುಳು ಕಚ್ಚಿ ಬಂದ ಸೋಂಕೂ ಇರಬಹುದು. ಅದಕ್ಕೆ ರಕ್ತಪರೀಕ್ಷೆ, ಕೀಲಿನ ನೀರಿನ ಪರೀಕ್ಷೆ ಬೇಕು. ಮನೆಮದ್ದು, ವ್ಯಾಯಾಮ ಯಾವುದೂ ಅಲ್ಲಿ ನಡೆಯುವುದಿಲ್ಲ.

ಒಂದು ಕಿವಿಮಾತು. ಜಿಂಕಿ ಡಾಕ್ಟರ ಎದುರು ಒಂದು ಸಲವೂ ಕುಂಟಲಿಲ್ಲ! ಹೆದರಿದ ನಾಯಿ ನೋವು ಮುಚ್ಚಿಟ್ಟುಕೊಂಡು ನೆಟ್ಟಗೆ ನಡೆಯುತ್ತದೆ. ಎರಡನೇ ಸಲ ಹೋಗುವಾಗ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿಕೊಂಡು ಹೋದೆ. ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಕೂತು ಏಳುವುದು ಒಂದು. ಡಾಕ್ಟರು ನಲವತ್ತು ಸೆಕೆಂಡ್ ವಿಡಿಯೋ ನೋಡಿ, ಮಂಡಿ ಮುಟ್ಟಿ, "ಎಡಗಾಲು ಎರಡು, ಬಲಗಾಲು ಒಂದು" ಅಂದರು.

ಓಡಿಸುವುದಾ, ಮಲಗಿಸುವುದಾ

ಚಟುವಟಿಕೆಯ ನಾಯಿ ಸಾಕಿದವರಿಗೆ ಅತಿ ಕಷ್ಟದ ಆಯ್ಕೆ ಇದು. ಮೂರು ದಾರಿಗಳಿವೆ: ಪೂರ್ತಿ ವಿಶ್ರಾಂತಿ, ಲೀಶ್ ಹಾಕಿ ಅಳತೆಯ ನಡಿಗೆ, ಇಲ್ಲವೇ ಎಂದಿನಂತೆ ಬಿಟ್ಟುಬಿಡುವುದು.

ಪೂರ್ತಿ ವಿಶ್ರಾಂತಿ ಅಂದರೆ ಸಣ್ಣ ಗೂಡಿನಲ್ಲೋ ಕಂಬಿ ಕಟ್ಟಿದ ಜಾಗದಲ್ಲೋ ಇರಿಸಿ, ಶೌಚಕ್ಕೆ ಮಾತ್ರ ಹೊರಗೆ ಕರೆದೊಯ್ಯುವುದು. ಇದು ಡಿಸ್ಕ್ ತೊಂದರೆಗೆ ಸರಿ, ಆಪರೇಷನ್ ಆದ ಮೊದಲ ದಿನಗಳಿಗೆ ಸರಿ, ಹೊಸದಾಗಿ ಉಳುಕಿದ ಕಾಲಿಗೆ ಒಂದೆರಡು ವಾರ ಸರಿ. ಆದರೆ ಒಂದನೇ, ಎರಡನೇ ದರ್ಜೆಯ ಚಿಪ್ಪಿಗೆ, ಕೀಲು ಸವೆದು ಊದಿಕೊಳ್ಳುವ ಹಳೇ ಆರ್ಥ್ರೈಟಿಸ್‌ಗೆ ತಿಂಗಳುಗಟ್ಟಲೆ ವಿಶ್ರಾಂತಿ ಕೊಟ್ಟರೆ ನಷ್ಟವೇ. ಸಡಿಲ ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಸ್ನಾಯು. ಮಲಗಿದ ನಾಯಿಯ ತೊಡೆ ಕರಗುತ್ತದೆ, ಮಂಡಿ ಇನ್ನೂ ಸಡಿಲವಾಗುತ್ತದೆ, ಮೇಲಿಂದ ತೂಕ ಏರುತ್ತದೆ.

ಬಿಟ್ಟುಬಿಡುವುದೂ ತಪ್ಪೇ. ಸಣ್ಣ ನಾಯಿಯ ಮಂಡಿಗೆ ಪೆಟ್ಟು ಬೀಳುವುದು ಓಟದ ದೂರದಿಂದಲ್ಲ, ತಿರುವಿನಿಂದ. ಚೆಂಡು ಎಸೆದಾಗ ಏನಾಗುತ್ತೆ ನೋಡಿ. ಪೂರ್ತಿ ವೇಗದಲ್ಲಿ ಹೋಗಿ, ಹಿಂಗಾಲು ಊರಿ, ಮೈ ತಿರುಚಿ, ಒಮ್ಮೆಲೇ ನಿಲ್ಲುತ್ತದೆ. ಒಂದು ಗಂಟೆಯಲ್ಲಿ ಇದನ್ನೇ ಐವತ್ತು ಸಲ. ಎರಡು ಕಿಲೋಮೀಟರ್ ನೇರ ನಡಿಗೆಗಿಂತ ಹತ್ತು ನಿಮಿಷದ ಚೆಂಡಾಟ ಮಂಡಿಗೆ ಭಾರ ಅಂತ ನನಗೆ ಅರ್ಥವಾಗಲು ತಡವಾಯಿತು.

ಹಾಗಾಗಿ ಬಹುಪಾಲು ನಾಯಿಗಳಿಗೆ ನಡುವಿನ ದಾರಿ. ಒಂದೂವರೆ ಮೀಟರಿನ ಸಾಧಾರಣ ಲೀಶ್ ಸಾಕು. ಉದ್ದಕ್ಕೆ ಬಿಚ್ಚಿಕೊಳ್ಳುವ ಲೀಶ್ ಬೇಡ, ಅದರ ತುದಿ ಮುಟ್ಟಿದಾಗ ನಾಯಿ ಜಗ್ಗಿ ನಿಲ್ಲುತ್ತದೆ. ದಿನಕ್ಕೊಂದು ಸಲ ಮುಕ್ಕಾಲು ಗಂಟೆಗಿಂತ ಹದಿನೈದು ನಿಮಿಷದಂತೆ ಮೂರು ಸಲ ಮೇಲು. ನಿಧಾನ ನಡೆಸಿ. ನಿಧಾನವಾಗಿ ನಡೆಯುವಾಗ ನಾಯಿ ನೋಯುವ ಕಾಲನ್ನೂ ನೆಲಕ್ಕೆ ಊರಲೇಬೇಕಾಗುತ್ತದೆ, ವೇಗ ಹೆಚ್ಚಿದರೆ ಎತ್ತಿಕೊಂಡು ತಪ್ಪಿಸಿಕೊಳ್ಳುತ್ತದೆ. ವಾರವಿಡೀ ಸೋಫಾ, ಭಾನುವಾರ ಬೆಟ್ಟ ಅನ್ನುವ ಕ್ರಮ ಎಲ್ಲಕ್ಕಿಂತ ಕೆಟ್ಟದ್ದು.

ಸ್ನಾಯು ಬಲಕ್ಕೆ ಎರಡು ಸುಲಭ ಕಸರತ್ತು. ಒಂದು, ಕೂತು ಏಳಿಸುವುದು. ಜಾರದ ನೆಲದ ಮೇಲೆ, ಹಿಂಗಾಲು ಎರಡನ್ನೂ ಮೈಯ ಕೆಳಗೆ ನೆಟ್ಟಗೆ ಮಡಿಸಿ ಕೂತಿದೆಯೇ ನೋಡಿಕೊಂಡು, ಐದು ಸಲದಿಂದ ಶುರು. ಎರಡು, ನೆಲದ ಮೇಲೆ ಸಾಲಾಗಿ ಪೊರಕೆ ಕಡ್ಡಿಯಂಥ ಕೋಲುಗಳನ್ನಿಟ್ಟು ಒಂದೊಂದಾಗಿ ದಾಟಿಸುವುದು. ಹಾರಿಸುವುದಲ್ಲ, ದಾಟಿಸುವುದು.

ನೀರಿನೊಳಗಿನ ಟ್ರೆಡ್‌ಮಿಲ್ ಸಿಗುವವರಿಗೆ ಅದು ಒಳ್ಳೆಯ ಆಯ್ಕೆ. ನೀರು ನಾಯಿಯ ಸೊಂಟದ ಮಟ್ಟಕ್ಕೆ ಬಂದರೆ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಸುಮಾರು ಶೇಕಡಾ 38ಕ್ಕೆ ಇಳಿಯುತ್ತದೆ, ಆದರೂ ಕಾಲು ನೆಲ ಊರಿಯೇ ನಡೆಯುತ್ತದೆ. ಈಜಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಈಜುವಾಗ ಎಷ್ಟೋ ನಾಯಿಗಳು ಮುಂಗಾಲಲ್ಲೇ ಕೆಲಸ ಮುಗಿಸುತ್ತವೆ, ನಾವು ಗಟ್ಟಿ ಮಾಡಬೇಕೆಂದಿರುವ ತೊಡೆ ಹಾಗೇ ಉಳಿಯುತ್ತದೆ.

ತೂಕವೋ, ಡಬ್ಬಿಯ ಪುಡಿಯೋ

ಈಗ ನನ್ನ ಪುಡಿಯ ಕತೆ. ಗ್ಲುಕೋಸಮಿನ್ ಡಬ್ಬಿ ತಂದು ಹಾಕಿದೆ. ಮೂರು ವಾರದಲ್ಲಿ ಕುಂಟು ಅರ್ಧಕ್ಕರ್ಧ ಕಡಿಮೆ. ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು. ಆದರೆ ಅದೇ ಹೊತ್ತಿಗೆ ನನ್ನ ಪಾದ ಉಳುಕಿ, ಚೆಂಡಾಟ ನಿಂತಿತ್ತು. ಪಾದ ಸರಿಹೋಗಿ ಆಟ ಶುರುವಾದ ನಾಲ್ಕನೇ ದಿನ ಕುಂಟಾಬಿಲ್ಲೆಯೂ ವಾಪಸ್ ಬಂತು. ಪುಡಿ ದಿನವೂ ಹೋಗುತ್ತಲೇ ಇತ್ತು!

ಇದು ನನ್ನೊಬ್ಬಳ ಪೆದ್ದುತನವಲ್ಲ. ಕೀಲುನೋವಿನ ನಾಯಿಗಳಿಗೆ ಏನೂ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ನಡೆಸಿದ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು ಶೇಕಡಾ 40ರಷ್ಟು ಸಲ ಸಾಕಿದವರಿಗೆ ಇಲ್ಲದ ಸುಧಾರಣೆ ಕಂಡಿತ್ತು. ಡಾಕ್ಟರ ಕಣ್ಣಿಗೂ ಹೆಚ್ಚುಕಮ್ಮಿ ಅಷ್ಟೇ. ಪ್ರೀತಿಯ ಕಣ್ಣಿಗೆ ಬೇಕಾದ್ದೇ ಕಾಣುತ್ತದೆ.

ಹಾಗಾದರೆ ಪುಡಿಗಳಲ್ಲಿ ಯಾವುದು ಮೇಲು? ನಾಯಿ ಬೆಕ್ಕುಗಳ ಆರ್ಥ್ರೈಟಿಸ್‌ಗೆ ಕೊಡುವ ಪೂರಕಗಳ ಮೇಲಿನ ಹಲವಾರು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ವಿಮರ್ಶೆಯಲ್ಲಿ ಒಮೆಗಾ-3 ಕೆಲಸ ಮಾಡುತ್ತದೆ ಅಂತ ಬಂತು. ಗ್ಲುಕೋಸಮಿನ್-ಕಾಂಡ್ರಾಯ್ಟಿನ್ ಜೋಡಿ ಕೆಲಸ ಮಾಡುವುದಿಲ್ಲ ಅಂತಲೇ ಬಂತು. ಕೊಲಾಜೆನ್‌ಗೆ ದುರ್ಬಲ ಸಾಕ್ಷಿ. ನನ್ನ ತೀರ್ಮಾನ ಇಷ್ಟು: ಒಂದಕ್ಕೆ ದುಡ್ಡು ಹಾಕುವುದಾದರೆ ಮೀನೆಣ್ಣೆಗೆ ಹಾಕಿ. ಮೀನೆಣ್ಣೆ ಅಂದರೆ ಒಮೆಗಾ-3 ಬಗೆಯ ಕೊಬ್ಬುಗಳಾದ ಇಪಿಎ, ಡಿಎಚ್‌ಎ ಇರುವ ಎಣ್ಣೆ. ಕಾಡ್ ಮೀನಿನ ಲಿವರ್ ಎಣ್ಣೆ ಬೇರೆ, ಅದರಲ್ಲಿ ಎ ಮತ್ತು ಡಿ ವಿಟಮಿನ್ ಜಾಸ್ತಿ ಇರುವುದರಿಂದ ಪುಟ್ಟ ನಾಯಿಗೆ ವಿಷವಾಗಬಹುದು. ಅಳತೆ ಡಾಕ್ಟರನ್ನು ಕೇಳಿ. ಶುರುವಿನಲ್ಲಿ ಸ್ವಲ್ಪವೇ ಹಾಕಿ, ಇಲ್ಲದಿದ್ದರೆ ಭೇದಿ ಆಗಬಹುದು. ಫಲ ಕಾಣಲು ಎರಡು ಮೂರು ತಿಂಗಳು ಕಾಯಬೇಕು. ಆ ಎಣ್ಣೆಯೂ ಕ್ಯಾಲೊರಿಯೇ ಅನ್ನುವುದು ನೆನಪಿರಲಿ.

ಕ್ಯಾಲೊರಿ ಅಂದಾಗ ನಿಜವಾದ ಔಷಧಿ ನೆನಪಾಯಿತು. 48 ಲ್ಯಾಬ್ರಡಾರ್ ನಾಯಿಗಳನ್ನು ಹುಟ್ಟಿನಿಂದ ಸಾವಿನವರೆಗೆ ನೋಡಿದ ಒಂದು ಪ್ರಸಿದ್ಧ ಅಧ್ಯಯನ ಇದೆ, 2002ರಲ್ಲಿ ಪ್ರಕಟವಾಯಿತು. ಜೋಡಿ ಜೋಡಿಯಾಗಿ ವಿಂಗಡಿಸಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ತಿನ್ನಿಸಿದರು. ಕಡಿಮೆ ತಿಂದ ಗುಂಪು ಸರಾಸರಿ 13 ವರ್ಷ ಬದುಕಿತು, ಜಾಸ್ತಿ ತಿಂದದ್ದು 11.2. ಆರ್ಥ್ರೈಟಿಸ್‌ಗೆ ಔಷಧಿ ಬೇಕಾದದ್ದೂ ತೆಳ್ಳಗಿನ ಗುಂಪಿಗೆ ವರ್ಷಗಳಷ್ಟು ತಡವಾಗಿ. ಲ್ಯಾಬ್ರಡಾರ್ ದೊಡ್ಡ ನಾಯಿ, ನಿಜ. ಆದರೆ ಕೀಲಿನ ಮೇಲೆ ಭಾರ ಅನ್ನುವುದು ಸಣ್ಣ ನಾಯಿಗೂ ಭಾರವೇ.

ಸಣ್ಣ ನಾಯಿಯ ತೂಕ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. "ಅರ್ಧ ಕೆಜಿ ತಾನೇ ಜಾಸ್ತಿ" ಅನ್ನುತ್ತೇವೆ. ಐದು ಕೆಜಿಯ ನಾಯಿಗೆ ಅರ್ಧ ಕೆಜಿ ಅಂದರೆ 60 ಕೆಜಿಯ ಮನುಷ್ಯ ಆರು ಕೆಜಿ ಹೊತ್ತುಕೊಂಡು ತಿರುಗಿದ ಹಾಗೆ. ಐದು ಕೆಜಿಯ ನಾಯಿಯ ದೇಹ ಸುಮ್ನೆ ಮಲಗಿದ್ದರೆ ದಿನಕ್ಕೆ ಖರ್ಚು ಮಾಡುವುದು ಸುಮಾರು 230 ಕ್ಯಾಲೊರಿ. ನಲವತ್ತು ಕ್ಯಾಲೊರಿಯ ಎರಡು ಬಿಸ್ಕತ್ತು ಕೊಟ್ಟರೆ ಅದರ ಮೂರನೇ ಒಂದು ಪಾಲು ಹೋಯಿತು. ಬಿಸ್ಕತ್ತು, ತುಣುಕು ಎಲ್ಲ ಸೇರಿ ದಿನದ ಆಹಾರದಲ್ಲಿ ಹತ್ತನೇ ಒಂದು ಪಾಲು ದಾಟಬಾರದು.

ತೂಕ ಸರಿಯಿದೆಯಾ ಅಂತ ನೋಡಲು ಕೈ ಸಾಕು. ಪಕ್ಕೆಯ ಮೇಲೆ ಅಂಗೈ ಸವರಿ. ಮುಷ್ಟಿ ಕಟ್ಟಿದಾಗ ಗೆಣ್ಣಿನ ಮೇಲೆ ಸಿಗುವ ಹಾಗೆ ಮೂಳೆ ಎದ್ದು ಸಿಕ್ಕರೆ ತೀರಾ ತೆಳ್ಳಗೆ. ಬೆರಳು ಚಾಚಿದ ಅಂಗೈಯ ಹಿಂಬದಿಯನ್ನು ಸವರಿದಾಗ ಸಿಗುವಷ್ಟು ಸಿಕ್ಕರೆ ಸರಿ. ಅಂಗೈಯ ಮೆತ್ತೆ ಒತ್ತಿದ ಹಾಗೆ, ಮೂಳೆ ಹುಡುಕಬೇಕಾದರೆ ತೂಕ ಜಾಸ್ತಿ. ಉದ್ದಕೂದಲಿನ ನಾಯಿಗಂತೂ ಕಣ್ಣನ್ನು ನಂಬಲೇಬೇಡಿ. ಇಳಿಸುವುದಾದರೆ ವಾರಕ್ಕೆ ಮೈತೂಕದ ಶೇಕಡಾ 1ರಿಂದ 2, ಅಂದರೆ ಆರು ಕೆಜಿಯ ನಾಯಿಗೆ 60ರಿಂದ 120 ಗ್ರಾಂ. ಊಟವನ್ನು ಲೋಟದಲ್ಲಿ ಅಳೆಯುವುದು ಬಿಟ್ಟು ಗ್ರಾಂ ತಕ್ಕಡಿಯಲ್ಲಿ ತೂಗಿ.

ದುಂಡಗಿನ ನಾಯಿಗೆ ಕೀಲಿನ ಪುಡಿ ಹಾಕುವುದು ಅಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ. ಇಲ್ಲಿ ಹಿಟ್ಟು ಜಾಸ್ತಿಯಾಗಿರುವುದೇ ತೊಂದರೆ, ಅಷ್ಟೇ ವ್ಯತ್ಯಾಸ.

ನೋವಿನ ಮಾತ್ರೆ, ತಿಂಗಳ ಇಂಜೆಕ್ಷನ್

ಒಂದನೇ, ಎರಡನೇ ದರ್ಜೆಯ ಚಿಪ್ಪಿಗೆ ದಿನಾ ಮಾತ್ರೆ ಬೇಕಾಗುವುದೇ ಇಲ್ಲ, ಸಾಮಾನ್ಯವಾಗಿ. ಚಿಪ್ಪು ಜಾರಿದಾಗ ಆಗುವ ಕುಂಟು ನೋವಿಗಿಂತ ಯಂತ್ರ ಸಿಕ್ಕಿಹಾಕಿಕೊಂಡ ಹಾಗೆ. ಮಾತ್ರೆಯ ಮಾತು ಬರುವುದು ಆರ್ಥ್ರೈಟಿಸ್ ಕೂತಾಗ: ಎದ್ದ ತಕ್ಷಣ ಬಿಗಿತ, ಮೆಟ್ಟಿಲ ಬಳಿ ಅನುಮಾನ, ಎತ್ತಿಕೊಳ್ಳಲು ಹೋದರೆ ಗುರ್ರ್.

ಮೊದಲ ಸಾಲಿನಲ್ಲಿರುವುದು ನಾಯಿಗಳಿಗೆಂದೇ ಇರುವ ಉರಿಯೂತ ಇಳಿಸುವ ಔಷಧಿಗಳು: ಮೆಲಾಕ್ಸಿಕ್ಯಾಂ, ಕಾರ್ಪ್ರೊಫೆನ್, ಫಿರೋಕಾಕ್ಸಿಬ್. ಬೇಗ ಕೆಲಸ ಮಾಡುತ್ತವೆ, ಕೆಲವು ದಿನದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಹೊಟ್ಟೆ, ಕಿಡ್ನಿ, ಲಿವರ್ ಮೇಲೆ ಕಣ್ಣಿಡಬೇಕು. ಶುರು ಮಾಡುವ ಮೊದಲು ಒಂದು ರಕ್ತಪರೀಕ್ಷೆ, ಆಮೇಲೆ ಆಗಾಗ. ವಾಂತಿ, ಊಟ ಬಿಡುವುದು, ಕಪ್ಪು ಮಲ ಕಂಡರೆ ನಿಲ್ಲಿಸಿ ಫೋನ್ ಮಾಡಿ. ಸ್ಟೀರಾಯ್ಡ್ ಜೊತೆ ಇವನ್ನು ಬೆರೆಸುವಂತಿಲ್ಲ. ಎರಡು ಬಗೆಯನ್ನು ಒಟ್ಟಿಗೆ ಕೊಡುವಂತೆಯೂ ಇಲ್ಲ.

ಮನೆಯ ಔಷಧಿ ಡಬ್ಬಿಗೆ ಕೈ ಹಾಕುವವರಿಗೆ ಒಂದು ಲೆಕ್ಕ. ಐದು ಕೆಜಿಯ ನಾಯಿಗೆ ಮೆಲಾಕ್ಸಿಕ್ಯಾಂ ದಿನನಿತ್ಯದ ಅಳತೆ ಸುಮಾರು ಅರ್ಧ ಮಿಲಿಗ್ರಾಂ. ಮನುಷ್ಯರ ಮಾತ್ರೆ ಬರುವುದು ಏಳೂವರೆ ಮಿಲಿಗ್ರಾಂನಲ್ಲಿ. ಒಂದೇ ಮಾತ್ರೆಯಲ್ಲಿ ಹದಿನೈದು ದಿನದ ಔಷಧಿ! ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಂತೂ ನಾಯಿಗೆ ಮುಟ್ಟಿಸಲೇಬಾರದು. "ಅರ್ಧ ಮಾತ್ರೆ ಅಲ್ವಾ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ದಾರಿ ಬೆಡಿನ್ವೆಟ್‌ಮ್ಯಾಬ್, ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಇಂಜೆಕ್ಷನ್. ನೋವಿನ ಸಂದೇಶ ಸಾಗಿಸುವ ಒಂದು ಪ್ರೊಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮಾತ್ರೆ ನುಂಗದ ನಾಯಿಗೆ, ಹೊಟ್ಟೆ ಹಿಡಿಸದ ನಾಯಿಗೆ ಇದು ಅನುಕೂಲ. ಆದರೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ತೂರಾಟ, ಫಿಟ್ಸ್‌ನಂಥ ತೊಂದರೆಗಳು ವರದಿಯಾಗಿವೆ ಅಂತ ಪಶುವೈದ್ಯರಿಗೆ ಪತ್ರ ಬರೆಯಿತು. ವರದಿಯಾದದ್ದೆಲ್ಲ ಔಷಧಿಯಿಂದಲೇ ಆದದ್ದು ಅಂತಲ್ಲ. ಆದರೂ ಹಿಂಗಾಲು ಮೊದಲೇ ತೂರಾಡುವ, ಬೆನ್ನಿನ ತೊಂದರೆಯ ಅನುಮಾನ ಇರುವ ನಾಯಿಗೆ ನಾನಾದರೆ ಇದನ್ನು ಮೊದಲ ಆಯ್ಕೆ ಮಾಡುತ್ತಿರಲಿಲ್ಲ. ವರ್ಷ ತುಂಬದ ಮರಿಗೆ, ಬಸುರಿ ನಾಯಿಗೆ ಇದು ಇಲ್ಲವೇ ಇಲ್ಲ. ಮತ್ತೊಂದು ವಿಷಯ: ಮಾತ್ರೆ ಮೈಗೆ ಒಗ್ಗದಿದ್ದರೆ ಇವತ್ತೇ ನಿಲ್ಲಿಸಬಹುದು, ಇಂಜೆಕ್ಷನ್ ಒಳಗೆ ಹೋದ ಮೇಲೆ ವಾರಗಟ್ಟಲೆ ಇರುತ್ತದೆ.

ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಸಾಮಾನ್ಯವಾಗಿ ಜೊತೆಗಾರ ಔಷಧಿ, ಒಂಟಿಯಾಗಿ ಅಷ್ಟು ಉಪಯೋಗವಿಲ್ಲ. ಮನುಷ್ಯರ ಸಿರಪ್ ರೂಪದಲ್ಲಿ ಕೊಡಬೇಡಿ. ಕೆಲವದರಲ್ಲಿ ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ.

ಯಾವುದನ್ನೇ ಕೊಟ್ಟರೂ ಚುರುಕಿನ ನಾಯಿಯಲ್ಲಿ ಒಂದು ಅಪಾಯ ಇದೆ. ನೋವು ಹೋದದ್ದೇ ತಡ, ಅದು ಸೋಫಾದಿಂದ ಹಾರುತ್ತದೆ. ನೋವು ಇಳಿದಿದೆ, ಮಂಡಿ ಹಾಗೇ ಇದೆ. ಮಾತ್ರೆ ಶುರುವಾದ ವಾರ ಲೀಶ್ ಬಿಗಿ ಮಾಡಬೇಕೇ ಹೊರತು ಸಡಿಲ ಅಲ್ಲ.

ಆಪರೇಷನ್: ಈಗಲೋ, ಆಮೇಲೋ, ಬೇಡವೋ

ಒಂದನೇ ದರ್ಜೆಗೆ ಬೇಡ. ಮೂರು, ನಾಲ್ಕಕ್ಕೆ ಹೆಚ್ಚಾಗಿ ಬೇಕು. ಅದರಲ್ಲೂ ಬೆಳೆಯುವ ಮರಿಗೆ ಮೂರು ನಾಲ್ಕನೇ ದರ್ಜೆ ಇದ್ದರೆ ಕಾಯಬಾರದು. ಚಿಪ್ಪು ಪಕ್ಕಕ್ಕೆ ಎಳೆಯುತ್ತಿದ್ದರೆ ಎಳೆಯ ಮೂಳೆ ಸೊಟ್ಟಗೇ ಬೆಳೆಯುತ್ತದೆ, ಆಮೇಲೆ ನೇರ ಮಾಡುವುದು ದೊಡ್ಡ ಕೆಲಸ.

ಗೊಂದಲ ಇರುವುದು ಎರಡನೇ ದರ್ಜೆಯಲ್ಲಿ. ಇಲ್ಲಿ ದರ್ಜೆಗಿಂತ ನಾಯಿಯ ದಿನಚರಿ ಮುಖ್ಯ. ವಾರಕ್ಕೊಂದೆರಡು ಸಲ ಕುಂಟಾಬಿಲ್ಲೆ, ಉಳಿದಂತೆ ಆರಾಮ ಅಂದರೆ ಕಾಯಬಹುದು. ದಿನವೂ ಆಗುತ್ತಿದೆ, ಆಗುವುದು ಹೆಚ್ಚುತ್ತಿದೆ, ಆದಮೇಲೆ ಗಂಟೆಗಟ್ಟಲೆ ಕಾಲು ಊರುತ್ತಿಲ್ಲ, ಆ ಕಡೆಯ ತೊಡೆ ಈ ಕಡೆಗಿಂತ ಸಣ್ಣಗಾಗಿದೆ ಅಂದರೆ ಮೂಳೆ ಸರ್ಜನ್ ಹತ್ತಿರ ಮಾತಾಡುವ ಹೊತ್ತು. ಪ್ರತಿ ಸಲ ಚಿಪ್ಪು ಜಾರಿದಾಗಲೂ ಕಾಲುವೆಯ ಅಂಚು, ಚಿಪ್ಪಿನ ಒಳಮೈ ಸವೆಯುತ್ತದೆ. ಸವೆದದ್ದು ಆಪರೇಷನ್‌ನಿಂದ ವಾಪಸ್ ಬರುವುದಿಲ್ಲ.

ಆಪರೇಷನ್‌ನಲ್ಲಿ ಮಾಡುವುದು ಮುಖ್ಯವಾಗಿ ಮೂರು ಕೆಲಸ. ಕಾಲುವೆಯನ್ನು ಆಳ ಮಾಡುತ್ತಾರೆ. ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಮೂಳೆಗೆ ಅಂಟಿರುವ ಜಾಗವನ್ನು ಕತ್ತರಿಸಿ, ನೇರಕ್ಕೆ ಸರಿಸಿ, ಪಿನ್ನಿನಿಂದ ಕೂರಿಸುತ್ತಾರೆ. ಸಡಿಲವಾದ ಪಕ್ಕವನ್ನು ಬಿಗಿ ಹೊಲಿಯುತ್ತಾರೆ. ನಿಮ್ಮ ಸರ್ಜನ್ ಬರೀ ಕೊನೆಯದನ್ನು ಮಾತ್ರ ಮಾಡುತ್ತೇನೆ ಅಂದರೆ ಯಾಕೆ ಅಂತ ಕೇಳಿ. ಹೊಲಿಗೆ ಒಂದರಿಂದಲೇ ಆದ ರಿಪೇರಿ ಮತ್ತೆ ಸಡಿಲವಾಗುವ ಸಂಭವ ಜಾಸ್ತಿ. ಆಮೇಲೆ ಆರರಿಂದ ಎಂಟು ವಾರ ಕಟ್ಟುನಿಟ್ಟು. ಚುರುಕಿನ ನಾಯಿ ಸಾಕಿದವರು ಆಪರೇಷನ್ ಮಾಡಿಸುವ ಮೊದಲೇ ಗೂಡಿನ ಅಭ್ಯಾಸ ಮಾಡಿಸಬೇಕು.

ಕ್ರೂಸಿಯೇಟ್ ಹರಿದರೆ ಲೆಕ್ಕ ಬೇರೆ. ಹದಿನೈದು ಕೆಜಿಗಿಂತ ಕಡಿಮೆ ತೂಕದ ನಾಯಿಗಳಲ್ಲಿ ಎಷ್ಟೋ ನಾಯಿಗಳು ಆಪರೇಷನ್ ಇಲ್ಲದೆ, ವಿಶ್ರಾಂತಿ ಮತ್ತು ತೂಕ ಇಳಿಕೆಯಲ್ಲೇ, ಕೆಲವು ತಿಂಗಳಲ್ಲಿ ಕಾಲು ಊರುತ್ತವೆ. ದೊಡ್ಡ ನಾಯಿಗೆ ಈ ಅದೃಷ್ಟ ಕಡಿಮೆ. ಆದರೆ ಮಂಡಿಯೊಳಗೆ ಆರ್ಥ್ರೈಟಿಸ್ ಬೆಳೆಯುತ್ತಲೇ ಹೋಗುತ್ತದೆ. ಮುದಿ ನಾಯಿ, ಹೃದ್ರೋಗದ ನಾಯಿ ಆದರೆ ಕಾಯುವುದರಲ್ಲಿ ಅರ್ಥವಿದೆ. ನಾಲ್ಕು ವರ್ಷದ ಚುರುಕಿನ ನಾಯಿಗೆ ನಾನು ಆಪರೇಷನ್ ಕಡೆಗೇ ವಾಲುತ್ತೇನೆ. ಅದರಲ್ಲೂ ಎರಡು ಬಗೆ. ಮಂಡಿಯ ಹೊರಗಿನಿಂದ ಗಟ್ಟಿ ದಾರ ಕಟ್ಟಿ ಬಿಗಿ ಮಾಡುವುದು ಹಗುರ ನಾಯಿಗೆ ಚೆನ್ನಾಗಿ ನಡೆಯುತ್ತದೆ. ಮೂಳೆಯನ್ನೇ ಕತ್ತರಿಸಿ ಕೋನ ಬದಲಿಸುವ ಟಿಪಿಎಲ್‌ಒ ಬೇಕಾಗುವುದು ದೊಡ್ಡ ನಾಯಿಗೆ ಹೆಚ್ಚು, ಆದರೆ ಮೂಳೆಯ ಇಳಿಜಾರು ಕಡಿದಾಗಿರುವ ಸಣ್ಣ ನಾಯಿಗೂ ಮಾಡುತ್ತಾರೆ.

ಪರ್ಥೆಸ್ ಇರುವ ಮರಿಗೆ ಸೊಂಟದ ಕೀಲಿನ ಸತ್ತ ಚೆಂಡನ್ನು ಕತ್ತರಿಸಿ ತೆಗೆಯುತ್ತಾರೆ. ಕೇಳಲು ಭಯಂಕರ, ಫಲಿತಾಂಶ ಮಾತ್ರ ಚೆಂದ. ಹಗುರ ಮೈಯನ್ನು ಸ್ನಾಯುಗಳೇ ಹೊತ್ತುಕೊಳ್ಳುತ್ತವೆ. ಇಲ್ಲಿ ಮಾತ್ರ ನಿಯಮ ಉಲ್ಟಾ. ಗಾಯ ಮಾಗುತ್ತಿದ್ದ ಹಾಗೇ ನಡೆಸಬೇಕು, ಕಾಲು ಊರಿಸಬೇಕು. ಮಂಡಿ ಆಪರೇಷನ್ ಆದವರ ಮಾತು ಕೇಳಿ ಮರಿಯನ್ನು ಗೂಡಿನಲ್ಲಿ ಕೂರಿಸಿದರೆ ಆ ಕಾಲು ಬಿಗಿದುಕೊಂಡೇ ಉಳಿಯುತ್ತದೆ.

ಚಿಲ್ಲರೆ ವಿಷಯಗಳು

ನುಣುಪು ನೆಲಕ್ಕೆ ರಬ್ಬರ್ ಚಾಪೆ: ಹೌದು, ಮೊದಲ ದಿನವೇ. ಪಂಜದ ನಡುವಿನ ಕೂದಲು, ಉಗುರು ಕತ್ತರಿಸುವುದು: ಖರ್ಚಿಲ್ಲದ ಉಪಕಾರ. ಸೋಫಾಕ್ಕೆ ಇಳಿಜಾರು ಹಲಗೆ ಮತ್ತು ಸಣ್ಣ ಮೆಟ್ಟಿಲು, ಎರಡರಲ್ಲಿ ಹಲಗೆ ಮೇಲು. ಆದರೆ ನಾಯಿ ಅದನ್ನು ಬಿಟ್ಟು ಪಕ್ಕದಿಂದ ಹಾರುವುದಾದರೆ ಎರಡೂ ದಂಡ, ಲೀಶ್ ಹಿಡಿದು ಹತ್ತಿಳಿಯುವುದು ಕಲಿಸಿ. ಕುತ್ತಿಗೆ ಪಟ್ಟಿಗಿಂತ ಎದೆಯ ಹಾರ್ನೆಸ್. ಮಂಡಿಗೆ ಕಟ್ಟುವ ಬ್ರೇಸ್ ನಾನು ತಂದೆ. ಸಣ್ಣ ನಾಯಿಯ ತೊಡೆ ಮೇಲೆ ದಪ್ಪ, ಕೆಳಗೆ ಕಡ್ಡಿ. ಹತ್ತು ಹೆಜ್ಜೆಗೆ ಬ್ರೇಸ್ ಕಾಲುಚೀಲದ ಹಾಗೆ ಜಾರಿ ಪಾದಕ್ಕೆ ಬಂತು. ಚಿಪ್ಪನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ.

ಲೆಕ್ಕದ ಪುಸ್ತಕ

ಪುಡಿಯ ಪಾಠ ಆದಮೇಲೆ ನಾನು ಒಂದು ಪುಸ್ತಕ ಇಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೆ ಕನಿಷ್ಠ ನಾಲ್ಕು ವಾರ, ಮೀನೆಣ್ಣೆಗಾದರೆ ಹತ್ತು. ದಿನಕ್ಕೆ ಮೂರೇ ಅಂಕಿ: ಎಷ್ಟು ನಿಮಿಷ ನಡೆದಳು, ಎಷ್ಟು ಸಲ ಕುಂಟಾಬಿಲ್ಲೆ, ಬೆಳಿಗ್ಗೆ ಎದ್ದ ಮೇಲೆ ಸಲೀಸಾಗಿ ನಡೆಯಲು ಎಷ್ಟು ಹೆಜ್ಜೆ ಬೇಕಾಯಿತು. ಭಾನುವಾರ ತೂಕ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ವಿಡಿಯೋ. "ಪರವಾಗಿಲ್ಲ", "ಚೆನ್ನಾಗಿದ್ದಾಳೆ" ಅಂತ ಬರೆಯುವಂತಿಲ್ಲ, ಅಂಕಿ ಮಾತ್ರ.

ಜಿಂಕಿಯ ಮಟ್ಟಿಗೆ ಪುಸ್ತಕ ಹೇಳಿದ್ದು ಹೀಗೆ. ಚೆಂಡು ನಿಲ್ಲಿಸಿ ಲೀಶ್ ಹಾಕಿದ ತಿಂಗಳಲ್ಲಿ ದಿನಕ್ಕೆ ಐದಿದ್ದ ಕುಂಟಾಬಿಲ್ಲೆ ಎರಡಾಯಿತು. ತೂಕ 6.1 ಕೆಜಿಯಿಂದ 5.5ಕ್ಕೆ ಇಳಿಯಲು ಹತ್ತು ವಾರ ಹಿಡಿಯಿತು, ಅಷ್ಟರಲ್ಲಿ ಅದು ಎರಡು ದಿನಕ್ಕೊಂದಾಯಿತು. ಮೀನೆಣ್ಣೆಯಿಂದ ಕುಂಟು ಬದಲಾಗಲಿಲ್ಲ, ಬೆಳಗಿನ ಬಿಗಿತ ಸ್ವಲ್ಪ ಕಡಿಮೆಯಾದಂತಿದೆ. ಆಪರೇಷನ್ ಸದ್ಯಕ್ಕೆ ಇಲ್ಲ. ದಿನಕ್ಕೆ ಮೂರರ ಮೇಲೆ ಎರಡು ವಾರ ನಿಂತರೆ ಸರ್ಜನ್ ಹತ್ತಿರ ಹೋಗುವುದು ಅಂತ ಡಾಕ್ಟರೂ ನಾನೂ ಮಾತಾಡಿಕೊಂಡಿದ್ದೇವೆ. ಆ ಗೆರೆಯನ್ನು ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

ಕಳೆದ ಭಾನುವಾರದ ಸಾಲು: ನಡಿಗೆ 45, ಕುಂಟು 1, ಬೆಳಿಗ್ಗೆ 6 ಹೆಜ್ಜೆ, ತೂಕ 5.5. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಮಕ್ಕಳು ಚೆಂಡು ಎಸೆದರು".